ಖಾನಾಪುರ ಸೀಮೆಯ ಆಪತ್ತುಗಳೂ ನಾವೆಯಿಲ್ಲದವರ ಲೆಕ್ಕವೂ

ಮೃಗಶಿರೆಯು ಹೊಕ್ಕು ಮಳೆಯು ಹಿಡಿದೊಡನೆ ನಮ್ಮ ಸೀಮೆಯ ಹಳ್ಳಿಗಳಲ್ಲಿ ಮಾತೆಲ್ಲವೂ ನೀರಿನದೇ ಆಗುವುದು. ಯಾವ ಹಳ್ಳವು ಏರಿತು, ಯಾವ ದಾರಿಯು ಕಟ್ಟಿತು, ಯಾರ ಗೋಡೆಯು ಕುಸಿಯಿತು ಎಂಬ ಸುದ್ದಿಯಿಂದಲೇ ದಿನವು ಮೊದಲಾಗುವುದು. ದಸರೆಯ ಹೊತ್ತಿಗೆ ಬಿಸಿಲು ಬಿದ್ದಿತೆಂದರೆ ಅದೆಲ್ಲವೂ ಮರೆತುಹೋಗುವುದು. ಮರುವರ್ಷ ಅದೇ ಹಳ್ಳ, ಅದೇ ದಾರಿ, ಅಂಥದೇ ಇನ್ನೊಂದು ಗೋಡೆ. ಈ ಮರೆವು ಇಂದಿನದಲ್ಲ. ಆದರೂ ಇಷ್ಟು ಕಾಲದಿಂದ ಈ ಸೀಮೆಗೆ ಬಂದೊದಗಿದ ಆಪತ್ತುಗಳನ್ನು ಒಂದೆಡೆಯಲ್ಲಿಟ್ಟು ನೋಡಿದರೆ ಅವುಗಳಿಂದ ಕಲಿಯತಕ್ಕದ್ದು ಏನಾದರೂ ದೊರೆಯುವುದೋ ಎಂದು ವಿಚಾರಿಸುವುದೇ ಈ ಲೇಖನದ ಉದ್ದೇಶವು.

ನಮ್ಮ ಹಿರಿಯರು ಆಪತ್ತುಗಳನ್ನು ಎಣಿಸದೆ ಬಿಟ್ಟವರಲ್ಲ. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ನೆರೆಯ ಅರಸರ ದಂಡು ಎಂಬ ಆರು ಈತಿಗಳನ್ನು ಪಾಠಶಾಲೆಯಲ್ಲಿ ಓದಿದ ಬಾಲಕನೂ ಬಲ್ಲನು. ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಬೆಂಕಿ, ನೀರು, ರೋಗ, ಬರಗಾಲ, ಇಲಿ, ಕ್ರೂರಮೃಗ, ಸರ್ಪ, ರಾಕ್ಷಸ ಎಂದು ಎಂಟು ದೈವೀಭಯಗಳನ್ನು ಹೇಳಿ, ಒಂದೊಂದಕ್ಕೂ ಪ್ರತೀಕಾರವನ್ನು ವಿಧಿಸಿರುವನು. ಶತಮಾನಗಳವರೆಗೆ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಯೋಲೆಯ ಪ್ರತಿಯನ್ನು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು, ಕನ್ನಡನಾಡಿನವರಾದ ನಮಗೆ ಇದು ಅಭಿಮಾನದ ಸಂಗತಿಯೇ ಸರಿ.

ಆ ಅಧ್ಯಾಯದಲ್ಲಿ ನೀರಿನ ಭಯವನ್ನು ಕುರಿತ ಭಾಗವು ನಮ್ಮ ಸೀಮೆಗಾಗಿಯೇ ಬರೆದಂತಿದೆ. ನದಿಯ ಮಗ್ಗುಲಿನ ಹಳ್ಳಿಗರು ಮಳೆಗಾಲದಲ್ಲಿ ಪೂರವು ಮುಟ್ಟುವ ಎಲ್ಲೆಯನ್ನು ಬಿಟ್ಟು ವಾಸಿಸತಕ್ಕದ್ದು. ಮರದ ದಿಮ್ಮಿ, ಬಿದಿರು, ನಾವೆಗಳನ್ನು ಮೊದಲೇ ಕೂಡಿಸಿಡತಕ್ಕದ್ದು. ನೀರಿನಲ್ಲಿ ಕೊಚ್ಚಿಹೋಗುವವನನ್ನು ಸೋರೆಬುರುಡೆ, ತೊಗಲಚೀಲ, ತೆಪ್ಪಗಳಿಂದ ದಡಕ್ಕೆ ತರತಕ್ಕದ್ದು. ಹಾಗೆ ನೆರವಿಗೆ ಹೋಗದವನಿಗೆ ಹನ್ನೆರಡು ಪಣ ದಂಡ. ಇಷ್ಟನ್ನು ಹೇಳಿದ ಮೇಲೆ ಶಾಸ್ತ್ರಕಾರನು ಒಂದು ವಿನಾಯಿತಿಯನ್ನು ಸೇರಿಸುತ್ತಾನೆ: ನಾವೆಯಿಲ್ಲದವನಿಗೆ ಈ ದಂಡವಿಲ್ಲ. ಈ ಪುಟ್ಟ ಮಾತಿನಲ್ಲಿ ದೊಡ್ಡ ತತ್ತ್ವವೊಂದು ಅಡಗಿದೆಯೆಂದು ನನಗೆ ತೋರುತ್ತದೆ. ನಾವೆಯಿಲ್ಲದವನನ್ನು ದಂಡದಿಂದ ಬಿಡಬೇಕಾದರೆ ಊರಿನಲ್ಲಿ ಯಾರಲ್ಲಿ ನಾವೆಯುಂಟು, ಯಾರಲ್ಲಿ ಇಲ್ಲ ಎಂಬುದು ಮುಂಚಿತವಾಗಿಯೇ ಗೊತ್ತಿರಬೇಕಷ್ಟೆ. ಆಪತ್ತಿನ ಸಿದ್ಧತೆಗೆ ಈ ಲೆಕ್ಕವೇ ಮೊದಲ ಮೆಟ್ಟಿಲು. ನಮ್ಮ ಸೀಮೆಯ ಚರಿತ್ರೆಯಲ್ಲಿ ಈ ಲೆಕ್ಕವು ಎಲ್ಲಿ ಇದ್ದಿತು, ಎಲ್ಲಿ ತಪ್ಪಿತು ಎಂಬುದನ್ನು ಇನ್ನು ನೋಡೋಣ.

ಮೊದಲು ನೆಲದ ಸ್ವರೂಪವನ್ನು ಅರಿತುಕೊಳ್ಳಬೇಕು. ಖಾನಾಪುರ ತಾಲೂಕಿನ ಪಡುವಣ ಅಂಚಿನಲ್ಲಿ ಸಹ್ಯಾದ್ರಿಯು ನಿಂತಿದೆ. ಕಣಕುಂಬಿಯಲ್ಲಿ ಮಲಪ್ರಭೆಯು ಹುಟ್ಟಿ ಮೂಡಣಕ್ಕೆ ತಿರುಗಿ, ಸುಮಾರು ಮುನ್ನೂರು ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವಳು. ಅದೇ ತಾಲೂಕಿನ ದೇಗಾಂವದ ಕಾಡಿನಲ್ಲಿ ಹುಟ್ಟಿದ ಮಹದಾಯಿಯು ಪಡುವಣಕ್ಕೆ ಇಳಿದು ಗೋವೆಯ ಕಡಲನ್ನು ಸೇರುವಳು. ಮೋಡಗಳು ಮೊದಲು ಬಂದು ಬಡಿಯುವುದು ಈ ಗುಡ್ಡಗಳಿಗೆ. ಭೀಮಗಡದ ಕಾಡಿನೊಳಗಿನ ಆಮಗಾಂವವೆಂಬ ಹಳ್ಳಿಯಲ್ಲಿ ೨೦೧೦ರಲ್ಲಿ ಹತ್ತು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯು ಅಳತೆಗೆ ಸಿಕ್ಕಿ, ಜನರು ಚಿರಾಪುಂಜಿಯೊಡನೆ ಅದನ್ನು ಹೋಲಿಸಿದರು. ಅಲ್ಲಿಂದ ಮೂಡಣಕ್ಕೆ ಬಂದಂತೆ ಮಳೆಯು ಕುಗ್ಗುತ್ತ, ಸವದತ್ತಿಯ ಬಯಲಿಗೆ ಮುಟ್ಟುವಾಗ ಆರುನೂರು ಮಿಲಿಮೀಟರು ಬಂದರೆ ಒಳ್ಳೆಯ ವರ್ಷವೆನಿಸುವುದು. ಒಂದೇ ಜಿಲ್ಲೆಯಲ್ಲಿ ಒಬ್ಬನು ನೀರಿಗೆ ಅಂಜಿದರೆ ಇನ್ನೊಬ್ಬನು ನೀರಿಲ್ಲದ್ದಕ್ಕೆ ಅಂಜುವನು. ಆದುದರಿಂದ ಎಲ್ಲರಿಗೂ ಒಂದೇ ಸಿದ್ಧತೆಯು ಸಾಲುವಂತಿಲ್ಲ.

ಬರಗಾಲವು ಬಯಲಿನವರ ಆಪತ್ತು. ೧೩೯೬ರಲ್ಲಿ ಮೊದಲಾಗಿ ಹನ್ನೆರಡು ವರ್ಷ ನಡೆಯಿತೆನ್ನುವ ದುರ್ಗಾದೇವಿಯ ಬರವು ಜನರ ನೆನಪಿನಲ್ಲಿ ಉಳಿದುಬಂದಿದೆ. ೧೭೯೧-೯೨ರ ಬರದಲ್ಲಿ ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದುದರಿಂದ ಅದಕ್ಕೆ ಡೋಗಿ ಬರವೆಂಬ ಘೋರವಾದ ಹೆಸರಾಯಿತು. ಧಾತು ಸಂವತ್ಸರದಲ್ಲಿ, ಅಂದರೆ ೧೮೭೬ರಲ್ಲಿ, ಮದರಾಸು, ಮೈಸೂರು, ಹೈದರಾಬಾದು, ಮುಂಬಯಿ ಪ್ರಾಂತಗಳಲ್ಲೆಲ್ಲ ಮಳೆಯು ಕೈಕೊಟ್ಟಿತು; ಈಶ್ವರ ಸಂವತ್ಸರದವರೆಗೂ ಅದರ ಸಂಕಟವು ತೀರಲಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ೧೮೭೨ರ ಎಣಿಕೆಗಿಂತ ೧೮೮೧ರ ಎಣಿಕೆಯಲ್ಲಿ ಜನಸಂಖ್ಯೆಯು ಕಡಿಮೆಯಾಯಿತೆಂದರೆ ಅದರ ಘಾತವನ್ನು ಊಹಿಸಬಹುದು.

ಬಯಲಿನ ಹಳ್ಳಿಗರಲ್ಲಿ ಸಿದ್ಧತೆಯು ಇದ್ದಿಲ್ಲವೆ? ಇದ್ದಿತು. ಊರ ನೆಲದಲ್ಲಿ ಹಗೇವುಗಳನ್ನು ತೋಡಿ, ಒಳಗೆ ಹುಲ್ಲು ಹಾಸಿ ಜೋಳವನ್ನು ತುಂಬಿ ಬಾಯಿಯನ್ನು ಮುಚ್ಚಿದರೆ ವರ್ಷಗಟ್ಟಲೆ ಕಾಳು ಕೆಡದೆ ಉಳಿಯುತ್ತಿದ್ದಿತು. ಕಣಕುಂಬಿಯ ಕಡೆಯ ತೇವದ ನೆಲದಲ್ಲಿ ಹಗೇವು ನಡೆಯದು. ಅಲ್ಲಿ ಬಿದಿರಿನ ಕಣಜಕ್ಕೆ ಸೆಗಣಿ ಬಳಿದು ಭತ್ತವನ್ನು ತುಂಬುತ್ತಿದ್ದರು. ಕೌಟಿಲ್ಯನೂ ಅರಮನೆಯ ಕಣಜದ ಅರ್ಧವನ್ನು ಪ್ರಜೆಗಳ ಆಪತ್ತಿಗಾಗಿ ತೆಗೆದಿಡಬೇಕೆಂದೂ, ಹೊಸಕಾಳು ಬಂದಂತೆ ಹಳೆಯದನ್ನು ಬದಲಿಸಬೇಕೆಂದೂ ಹೇಳಿರುವನು. ಆದರೆ ಹಗೇವು ಇದ್ದುದು ಹೊಲವಿದ್ದವನ ಮನೆಯಲ್ಲಿ. ಕೂಲಿಯವನಿಗೆ, ನೇಕಾರನಿಗೆ, ಊರ ಚಾಕರಿಯವನಿಗೆ ಎಲ್ಲಿಯ ಹಗೇವು? ಮಳೆಯು ತಪ್ಪಿ ಹೊಲದಲ್ಲಿ ಕೆಲಸವು ನಿಂತ ದಿನವೇ ಅವನ ಕೂಲಿಯೂ ನಿಂತಿತು. ಪೇಟೆಯಲ್ಲಿ ಕಾಳಿದ್ದರೂ ಅವನಿಗೆ ಕೊಳ್ಳುವ ಶಕ್ತಿಯಿಲ್ಲದಾಯಿತು. ಬರಗಾಲದ ನಾವೆಯಿಲ್ಲದವರು ಇವರೇ.

ಆಗಿನ ಸರಕಾರವು ರಸ್ತೆ, ಕೆರೆಗಳ ಕಾಮಗಾರಿಗಳನ್ನು ತೆಗೆದು ಕೂಲಿಯನ್ನು ಕೊಟ್ಟಿತು. ಆದರೆ ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲರು ಆ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಅಂದರೆ ಹತ್ತಿರ ಹತ್ತಿರ ಅರ್ಧ ಸೇರು ಕಾಳು ಹಾಗೂ ಅಲ್ಪ ಚಿಲ್ಲರೆಗೆ ಇಳಿಸಿದರು. ದಿನವಿಡೀ ಕಲ್ಲೊಡೆಯುವವನು ಇದರಿಂದ ಬದುಕಲಾರನೆಂದು ಮದರಾಸಿನ ಆರೋಗ್ಯಾಧಿಕಾರಿಗಳಾದ ಡಾಕ್ಟರ್ ಕಾರ್ನಿಶರು ವಾದಿಸಿದರು. ಮುಂಬಯಿ ಪ್ರಾಂತದ ಕೂಲಿಕಾರರು ಕೆಲಸವನ್ನೇ ಬಿಟ್ಟೆದ್ದರು. ಪುಣೆಯ ಸಾರ್ವಜನಿಕ ಸಭೆಯು ಅವರ ಪಕ್ಷವನ್ನು ಹಿಡಿಯಿತು. ಈ ಕಹಿಯಾದ ಅನುಭವದ ಮೇಲೆ ೧೮೮೦ರ ಕ್ಷಾಮ ಆಯೋಗವು ವರದಿಯನ್ನು ಕೊಟ್ಟು, ೧೮೮೩ರಲ್ಲಿ ಕ್ಷಾಮಸಂಹಿತೆಯು ಸಿದ್ಧವಾಯಿತು. ಕಾಳನ್ನು ಬೇಗನೆ ಸಾಗಿಸುವ ಸಲುವಾಗಿ ೧೮೮೨ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೇಲ್ವೆಯ ಹಳಿಯು ೧೮೮೭ರ ಸುಮಾರಿಗೆ ಲೋಂಡಾ, ಖಾನಾಪುರಗಳ ಮೇಲಿಂದ ಬೆಳಗಾವಿಯನ್ನು ಮುಟ್ಟಿತು. ಇಂದು ನಾವು ಏರಿ ಕೂಡುವ ಬಂಡಿಯು ಆ ಬರದ ಮಗು ಎಂಬುದನ್ನು ಬಲ್ಲವರು ವಿರಳ.

ಬರದ ಬೆನ್ನಿಗೆ ಬಂದುದು ಪ್ಲೇಗು. ೧೮೯೬ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಈ ಗಂಟುಬೇನೆಯು ಒಂದೆರಡು ವರ್ಷಗಳಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ಹೊಕ್ಕಿತು. ೧೮೯೧ರಲ್ಲಿ ಹತ್ತು ಲಕ್ಷವನ್ನು ದಾಟಿದ್ದ ಬೆಳಗಾವಿ ಜಿಲ್ಲೆಯ ಜನಸಂಖ್ಯೆಯು ೧೯೦೧ರಲ್ಲಿ ೯,೯೩,೯೭೬ಕ್ಕೆ ಇಳಿಯಿತು. ಪ್ಲೇಗು ಅದಕ್ಕೆ ಒಂದು ದೊಡ್ಡ ಕಾರಣವು. ಸರಕಾರವು ೧೮೯೭ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿ ಮನೆಮನೆಗಳ ತಪಾಸಣೆಗೆ ಹೊರಟಿತು. ಪುಣೆಯಲ್ಲಿ ಆ ತಪಾಸಣೆಯ ದರ್ಪವು ಮಿತಿಮೀರಿ ಅದೇ ವರ್ಷ ರ್‍ಯಾಂಡ್ ಎಂಬ ಅಧಿಕಾರಿಯ ಕೊಲೆಯಲ್ಲಿ ಮುಗಿದುದು ಚರಿತ್ರೆಯಲ್ಲಿ ಪ್ರಸಿದ್ಧವಿದೆ.

ನಮ್ಮ ಹಳ್ಳಿಗರು ತಾವಾಗಿಯೇ ಒಂದು ಉಪಾಯವನ್ನು ಕಂಡುಕೊಂಡಿದ್ದರು. ಮನೆಯಲ್ಲಿ ಇಲಿಯು ಸತ್ತು ಬಿದ್ದಿತೆಂದರೆ ಊರನ್ನು ಬಿಟ್ಟು ಹೊಲದಲ್ಲಿ ಜೋಪಡಿಗಳನ್ನು ಹಾಕಿಕೊಂಡು, ಬೇನೆಯು ಅಡಗುವವರೆಗೆ ಅಲ್ಲಿಯೇ ಇರುತ್ತಿದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುವುದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ೧೮೯೮ರಲ್ಲಿ ಕಂಡುಹಿಡಿದನು. ಪಂಡಿತರು ಅದನ್ನು ಒಪ್ಪುವುದಕ್ಕೆ ಇನ್ನೂ ಕೆಲವು ವರ್ಷಗಳು ಹಿಡಿದವು. ಕಾರಣವನ್ನು ಅರಿಯದಿದ್ದರೂ ಲಕ್ಷಣವನ್ನು ಅರಿತು ನಡೆದ ಹಳ್ಳಿಗನು ಆ ವಿಷಯದಲ್ಲಿ ಶಾಸ್ತ್ರಜ್ಞನಿಗಿಂತ ಹಿಂದೆ ಬಿದ್ದಿರಲಿಲ್ಲ. ಆದರೆ ಇಲ್ಲಿಯೂ ಹಳೆಯ ಪ್ರಶ್ನೆಯೇ ಎದುರಾಗುವುದು. ಹೊಲವಿದ್ದವನು ಹೊಲಕ್ಕೆ ಹೋದನು. ಹೊಲವಿಲ್ಲದವನು ಎಲ್ಲಿಗೆ ಹೋಗಬೇಕು? ಹಾಸಿಗೆ ಹಿಡಿದ ಮುದುಕಿಯನ್ನು ಹೊರುವವರಾರು? ೨೦೨೦ರಲ್ಲಿ ಕೊರೋನಾ ಬಂದಾಗ ಅದೇ ೧೮೯೭ರ ಕಾಯಿದೆಯನ್ನು ಸರಕಾರಗಳು ಮತ್ತೆ ಹೊರತೆಗೆದವು. ಊರ ಹೊರಗೆ ಹೋಗಿರಲು ಸ್ಥಳವಿದ್ದವರಿಗೂ ಒಂದೇ ಕೋಣೆಯಲ್ಲಿ ಆರು ಜನ ಮಲಗುವವರಿಗೂ ಇದ್ದ ಅಂತರವು ನೂರಿಪ್ಪತ್ತು ವರ್ಷಗಳಾದರೂ ಅಳಿದಿರಲಿಲ್ಲ.

ಈಗ ಖಾನಾಪುರದ ಹತ್ತಿರದ ಶತ್ರುವಾದ ಮಳೆಗೆ ಬರೋಣ. ೨೦೧೯ರ ಆಗಸ್ಟಿನ ಮೊದಲ ವಾರದಲ್ಲಿ ಗುಡ್ಡಗಳಲ್ಲಿ ಬಿದ್ದ ಮಳೆಯು ಮಲಪ್ರಭೆಯನ್ನು ಉಕ್ಕಿಸಿ, ೧೯೭೨ರಲ್ಲಿ ಪೂರ್ಣವಾದ ನವಿಲುತೀರ್ಥದ ಅಣೆಕಟ್ಟನ್ನು ತುಂಬಿಸಿತು. ಅಲ್ಲಿಂದ ಬಿಟ್ಟ ನೀರು ರಾಮದುರ್ಗ, ನರಗುಂದ, ಬಾದಾಮಿ ತಾಲೂಕುಗಳ ಹೊಳೆಸಾಲಿನ ಹಳ್ಳಿಗಳಿಗೆ ನುಗ್ಗಿ, ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನೂ ಮುಳುಗಿಸಿತು. ಬೆಳಗಾವಿ ನಗರದ ತೆಂಕಣ ಭಾಗದಲ್ಲಿ ಬಳ್ಳಾರಿ ನಾಲೆಯು ಮೇರೆಯನ್ನು ಮೀರಿ ಹೊಲಗಳಲ್ಲಿ ನಿಂತಿತು. ೨೦೨೧ರ ಜುಲೈಯಲ್ಲಿ ಮತ್ತೆ ಅಂಥದೇ ಮಳೆ. ಜನರು ಹೊಳೆಯ ನೀರನ್ನು ನೋಡಿ ಅಂಜುವರು, ಅದು ಸಹಜವು. ಆದರೆ ನಮ್ಮ ತಾಲೂಕಿನಲ್ಲಿ ಮೃತ್ಯುವು ಹೊಳೆಯಲ್ಲಿ ಇರುವಷ್ಟೇ ಮಣ್ಣಿನ ಗೋಡೆಯಲ್ಲಿಯೂ ಇರುವನು.

೨೦೨೧ರ ಅಕ್ಟೋಬರ ೬ರಂದು ಬೆಳಗಾವಿ ತಾಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಯಿಂದ ನೆನೆದ ಮನೆಯೊಂದರ ಗೋಡೆಯು ಕುಸಿದು ಒಂದೇ ಕುಟುಂಬದ ಏಳು ಜನರು ತೀರಿಕೊಂಡರು. ಅದು ಮಹಾಪೂರದ ದಿನವಲ್ಲ. ಯಾವ ಹೊಳೆಯೂ ಆ ಮನೆಗೆ ನುಗ್ಗಿರಲಿಲ್ಲ. ಇದರ ಮರ್ಮವನ್ನು ನಾನು ತಿಳಿದುಕೊಂಡುದು ಒಬ್ಬ ಕುಂಬಾರ ಹಿರಿಯರಿಂದ.

ಮೂವತ್ತು ವರ್ಷಗಳ ಕೆಳಗೆ ನಾನು ತಾಲೂಕಿನ ಪಡುವಣ ಭಾಗದ ಒಂದು ಸಣ್ಣ ಶಾಲೆಯಲ್ಲಿದ್ದೆನು. ಮಣ್ಣಿನ ಗೋಡೆ, ಮೇಲೆ ಹೆಂಚು. ಒಂದು ಗೋಡೆಯು ಹೊಟ್ಟೆಬಿಟ್ಟಿದ್ದಿತು. ಬೇಸಿಗೆಯಲ್ಲಿಯೇ ಮೇಲಿನ ಕಚೇರಿಗೆ ಎರಡು ಸಾರೆ ಬರೆದಿದ್ದೆನು, ಉತ್ತರವಿಲ್ಲ. ಶ್ರಾವಣದಲ್ಲಿ ಎಂಟು ದಿನ ಬಿಡದೆ ಹೊಡೆದ ಮಳೆಯು ನಿಂತು ಬಿಸಿಲು ಬಿದ್ದ ದಿನ, ಮೊಮ್ಮಗನನ್ನು ಬಿಡಲು ಬಂದ ಆ ಹಿರಿಯರು ಗೋಡೆಯ ಬುಡವನ್ನು ಬೆರಳಿನಿಂದ ಒತ್ತಿ ನೋಡಿ ಹೀಗೆಂದರು: “ಗುರುಗೋಳ, ಈ ಗ್ವಾಡಿ ನೀರ ಕುಡದೈತ್ರಿ. ಮಳಿ ಹೋತಂತ ನಂಬಬ್ಯಾಡ್ರಿ. ಇದು ಬಿಸಲಾಗ ಬೀಳೂದು.” ಅವರ ಮಾತಿಗೆ ನಾನು ತಲೆದೂಗಿದೆನೇ ಹೊರತು ಆ ದಿನ ಪಾಠವನ್ನು ಅಲ್ಲಿಯೇ ನಡೆಸಿದೆನು. ರಾತ್ರಿ ನಿದ್ದೆಯು ಬಾರದೆ, ಮರುದಿನ ಮಕ್ಕಳನ್ನು ಗುಡಿಯ ಪೌಳಿಗೆ ಕರೆದೊಯ್ದೆನು. ಅದರ ಮರುರಾತ್ರಿ ಗೋಡೆಯು ಒಳಮಗ್ಗುಲಿಗೆ, ಎರಡನೆಯ ಇಯತ್ತೆಯ ಮಕ್ಕಳು ಕೂಡ್ರುತ್ತಿದ್ದ ಜಾಗದ ಮೇಲೆಯೇ ಬಿದ್ದಿತು. ಕಚೇರಿಯ ಮೌನವನ್ನು ನಾನು ಎಷ್ಟು ದೂರಿದರೂ, ಒಂದು ದಿನದ ನನ್ನ ಸ್ವಂತ ತಡವನ್ನು ನೆನೆದರೆ ಇಂದಿಗೂ ಮೈಯಲ್ಲಿ ನಡುಕ ಹುಟ್ಟುವುದು.

ಕುಂಬಾರ ಹಿರಿಯರು ಹೇಳಿದ್ದರಲ್ಲಿ ಗೂಢವೇನೂ ಇಲ್ಲ. ಒಣಗಿದ ಮಣ್ಣು ಭಾರವನ್ನು ಹೊರುವುದು. ನೆನೆದ ಮಣ್ಣು ತನ್ನ ಬಲವನ್ನು ಕಳೆದುಕೊಂಡು ತಾನೇ ಭಾರವಾಗುವುದು. ಗೋಡೆಯ ಕೆಳಗೆ ಕಲ್ಲಿನ ಬುನಾದಿಯು ಮೊಳದೆತ್ತರ ಇದ್ದರೆ, ಹೆಂಚಿನ ಸೂರು ಗೋಡೆಯಿಂದ ಹೊರಗೆ ಚಾಚಿದ್ದರೆ, ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆಯಿದ್ದರೆ ಅದೇ ಮಣ್ಣಿನ ಗೋಡೆಯು ತಲೆಮಾರುಗಳವರೆಗೆ ನಿಲ್ಲುವುದು. ಖಾನಾಪುರದ ಕೆಂಪುಮಣ್ಣು ಹೆಂಚಿಗೂ ಗಡಿಗೆಗೂ ಹೆಸರಾದುದು. ಆ ಮಣ್ಣನ್ನು ಬಲ್ಲವರು ಪ್ರತಿ ಊರಿನಲ್ಲಿ ಇದ್ದಾರೆ. ಆದರೆ ಮಳೆಗಾಲಕ್ಕೆ ಮುಂಚೆ ಊರಿನ ಗೋಡೆಗಳನ್ನು ನೋಡಿ ಬನ್ನಿರೆಂದು ಅವರನ್ನು ಕೇಳುವವರು ಇಲ್ಲ. ೨೦೧೯ರಲ್ಲಿ ಪೂರ್ತಿ ಬಿದ್ದ ಮನೆಗೆ ಸರಕಾರವು ಐದು ಲಕ್ಷ ರೂಪಾಯಿಯ ಪರಿಹಾರವನ್ನು ಗೊತ್ತುಮಾಡಿತು. ಅದು ಒಳ್ಳೆಯದೇ. ಆದರೆ ಬೀಳುವ ಮೊದಲು ಬುಡಕ್ಕೆ ಕಲ್ಲು ಕಟ್ಟಿಸಲು ಆ ಹಣದ ಒಂದು ಪಾಲು ದೊರೆತಿದ್ದರೆ ಎಷ್ಟೋ ಮನೆಗಳು ನಿಲ್ಲುತ್ತಿದ್ದವು.

ಇನ್ನು ದಾರಿಯ ಮಾತು. ಮೇಲೆ ಹೇಳಿದ ಆಮಗಾಂವದಿಂದ ೨೦೨೪ರ ಜುಲೈಯಲ್ಲಿ ರೋಗಪೀಡಿತಳಾದ ಹೆಂಗಸೊಬ್ಬಳನ್ನು ಊರವರು ಕಟ್ಟಿಗೆಯ ಡೋಲಿಯಲ್ಲಿಟ್ಟು, ಮಳೆಯಲ್ಲಿಯೇ ಕಾಡಿನ ಹಾದಿಯಲ್ಲಿ ಹಲವು ಕಿಲೋಮೀಟರು ಹೊತ್ತು ರಸ್ತೆಗೆ ತಂದರು. ಮಳೆಯು ಆ ಊರಿಗೆ ಹೊಸದಲ್ಲ. ಅಲ್ಲಿಯವರು ಅದನ್ನು ಬಲ್ಲರು, ಅದಕ್ಕೆ ತಕ್ಕಂತೆ ಮನೆಯನ್ನು ಕಟ್ಟಬಲ್ಲರು. ಅವರಿಗಿಲ್ಲದುದು ಹಳ್ಳವನ್ನು ದಾಟಿಸುವ ಸೇತುವೆ. ಭೀಮಗಡವು ೨೦೧೧ರಿಂದ ವನ್ಯಧಾಮವಾಗಿರುವುದರಿಂದ ಅಲ್ಲಿ ರಸ್ತೆಯನ್ನು ಮಾಡುವುದು ಸುಲಭವಲ್ಲ; ಊರನ್ನೇ ಹೊರಗೆ ತರುವುದು ಇನ್ನೊಂದು ಹಾದಿ. ತಳೇವಾಡಿಯ ಕುಟುಂಬಗಳಿಗೆ ಪರಿಹಾರವನ್ನು ಕೊಟ್ಟು ಹೊರತರುವ ಕಾರ್ಯವು ೨೦೨೫ರಲ್ಲಿ ಮೊದಲಾಯಿತು. ಯಾವ ಹಾದಿಯು ಸರಿಯೆಂಬುದನ್ನು ಅಲ್ಲಿ ಇರುವವರೇ ನಿಶ್ಚಯಿಸಬೇಕು. ನಿಶ್ಚಯವಾಗುವವರೆಗೆ ಬರುವ ಮಳೆಗಾಲಗಳಲ್ಲಿ ಡೋಲಿಯನ್ನು ಹೊರುವ ಹೆಗಲುಗಳು ಯಾರವು ಎಂಬ ಪ್ರಶ್ನೆಗೆ ಮಾತ್ರ ಈಗಲೇ ಉತ್ತರ ಬೇಕು.

ಈ ಕಾಲದಲ್ಲಿ ಸಾಧನಗಳಿಗೆ ಕೊರತೆಯಿಲ್ಲ. ೧೯೮೮ರಲ್ಲಿ ಬರದ ಉಸ್ತುವಾರಿಗಾಗಿ ನಮ್ಮ ರಾಜ್ಯದಲ್ಲಿ ಹುಟ್ಟಿದ ಸಂಸ್ಥೆಯು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮಪಂಚಾಯತಿಗಳವರೆಗೂ ಮಳೆಯಳೆಯುವ ಯಂತ್ರಗಳನ್ನು ನಿಲ್ಲಿಸಿದೆ. ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವುಂಟು, ಯೋಜನೆಯುಂಟು. ಇವುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಮಳೆಯನ್ನು ಅಳೆಯುವ ಯಂತ್ರವು ಗೋಡೆಯನ್ನು ಅಳೆಯದು. ಜಿಲ್ಲೆಯ ಯೋಜನೆಯಲ್ಲಿ ತಾಲೂಕಿನ ಹೆಸರು ಇರುವುದು, ಊರಿನ ಹೆಸರೂ ಇರಬಹುದು. ಹಳ್ಳದ ಆಚೆಯ ಮನೆಯಲ್ಲಿ ಒಬ್ಬಳೇ ಇರುವ ಕುರುಡಿಯ ಹೆಸರು ಇರಲಾರದು. ಆ ಹೆಸರನ್ನು ಬಲ್ಲವರು ಊರವರೇ.

ಆದುದರಿಂದ ಪ್ರತಿಯೊಂದು ಊರಿನಲ್ಲಿಯೂ ಯುಗಾದಿಯಿಂದ ಕಾರಹುಣ್ಣಿಮೆಯೊಳಗೆ ಒಂದು ವಹಿಯನ್ನು ಬರೆಯಬೇಕೆಂಬುದು ನನ್ನ ಸೂಚನೆಯು. ಬುನಾದಿಯಿಲ್ಲದ ಮಣ್ಣಿನ ಗೋಡೆಯ ಮನೆಗಳು ಯಾವವು. ನಡೆಯಲಾರದವರು, ಒಂಟಿಯಾಗಿರುವವರು ಯಾರು. ಆಷಾಢ ಶ್ರಾವಣಗಳಲ್ಲಿ ಹೆರಿಗೆಯ ದಿನಗಳು ತುಂಬುವವರು ಯಾರು. ಯಾವ ಹಳ್ಳವು ಎಷ್ಟು ಮಳೆಗೆ ದಾರಿಯನ್ನು ಕಟ್ಟುವುದು. ಎತ್ತರದಲ್ಲಿರುವ ಗಟ್ಟಿಯಾದ ಶಾಲೆ, ಗುಡಿ, ಮಸೀದಿಗಳು ಯಾವವು. ಹಗ್ಗ, ಟ್ರ್ಯಾಕ್ಟರು ಯಾರಲ್ಲಿವೆ, ಈಸಬಲ್ಲವರು ಯಾರು ಎಂಬಿಷ್ಟು ಸಾಕು. ಇಟ್ಟಿಗೆಯ ಭಟ್ಟಿಗಳಲ್ಲಿ, ಕಬ್ಬಿನ ಹೊಲಗಳ ಮಗ್ಗುಲಲ್ಲಿ ಜೋಪಡಿ ಹಾಕಿಕೊಂಡಿರುವ ಹೊರಗಿನ ಕೂಲಿಕಾರರನ್ನು ಅದರಲ್ಲಿ ಮರೆಯಕೂಡದು. ಅವರು ಯಾವ ಊರಿನ ವಹಿಯಲ್ಲಿಯೂ ಇಲ್ಲದವರು. ವಹಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ನಮ್ಮ ತಾಲೂಕಿನಲ್ಲಿ ಕನ್ನಡವನ್ನಾಡುವವರೂ ಮರಾಠಿಯನ್ನಾಡುವವರೂ ಕೂಡಿ ಬಾಳುತ್ತಿರುವುದರಿಂದ ಎರಡೂ ಭಾಷೆಗಳಲ್ಲಿ ಓದಬೇಕು. ಗೋಡೆಯು ಬೀಳುವಾಗ ಒಳಗಿನವರ ಭಾಷೆಯನ್ನು ಕೇಳಿ ಬೀಳುವುದಿಲ್ಲ.

ಇದು ಸರಕಾರದ ಕೆಲಸವೆಂದು ಕೆಲವರು ಅನ್ನಬಹುದು. ಸೇತುವೆಯನ್ನು ಕಟ್ಟಿಸುವುದು, ಬುನಾದಿಗೆ ಹಣವನ್ನು ಕೊಡುವುದು, ಕೂಲಿ ನಿಂತವನಿಗೆ ಕೆಲಸವನ್ನು ಕೊಡುವುದು ಸರಕಾರದ ಕೆಲಸವೇ ಅಹುದು. ಅದನ್ನು ಬಿಡದೆ ಕೇಳತಕ್ಕದ್ದು. ಹಾಗೆ ಕೇಳುವುದಕ್ಕೂ ವಹಿಯು ಬೇಕು. ‘ನಮ್ಮ ಊರಿಗೆ ನೆರವು ಬೇಕು’ ಎಂಬ ಅರ್ಜಿಗಿಂತ ‘ನಮ್ಮ ಊರಿನ ಈ ಹದಿನಾಲ್ಕು ಗೋಡೆಗಳಿಗೆ ಕಲ್ಲು ಬೇಕು’ ಎಂಬ ಅರ್ಜಿಗೆ ಬಲ ಹೆಚ್ಚು. ಎಲ್ಲವೂ ದೈವಾಧೀನವೆಂದು ಇನ್ನು ಕೆಲವರು ಅನ್ನಬಹುದು. ಕೌಟಿಲ್ಯನೂ ಆ ಎಂಟು ಭಯಗಳನ್ನು ದೈವೀ ಎಂದೇ ಕರೆದನು; ಕರೆದು, ಬಿದಿರನ್ನೂ ನಾವೆಯನ್ನೂ ಕೂಡಿಸಿಡಿರೆಂದು ವಿಧಿಸಿದನು.

ಹಗೇವಿಲ್ಲದವನು ಬರದಲ್ಲಿ ಸತ್ತನು; ಹೊಲವಿಲ್ಲದವನು ಪ್ಲೇಗಿನಲ್ಲಿ ಊರೊಳಗೆ ಉಳಿದನು; ಬುನಾದಿಯಿಲ್ಲದ ಗೋಡೆಯ ಮಗ್ಗುಲಲ್ಲಿ ಮಲಗಿದವರು ಬೆಳಗನ್ನು ಕಾಣಲಿಲ್ಲ. ಇವರಾರೂ ತಮ್ಮ ಊರಿನವರಿಗೆ ಅಪರಿಚಿತರಾಗಿರಲಿಲ್ಲ. ಬರುವ ಮೃಗಶಿರೆಯ ಮುಂಚೆ ನಮ್ಮ ಸಂಘದ ಸದಸ್ಯರು ತಮ್ಮ ತಮ್ಮ ಊರಿನಲ್ಲಿ ಇಂಥದೊಂದು ವಹಿಯ ಮೊದಲ ಪುಟವನ್ನಾದರೂ ಬರೆದರೆ ಈ ಲೇಖಕನ ಶ್ರಮವು ಸಾರ್ಥಕವಾದೀತು. ನನ್ನ ಓಣಿಯ ಗೋಡೆಗಳನ್ನು ನಾನು ಈ ವರ್ಷ ಬುಡಮುಟ್ಟಿ ನೋಡಿ ಬರೆದಿದ್ದೇನೆ. ಇಪ್ಪತ್ತೆರಡು ಮನೆಗಳಲ್ಲಿ ಐದು ಗೋಡೆಗಳು ನೀರನ್ನು ಕುಡಿಯುವಂಥವು. ಅವುಗಳಲ್ಲಿ ಒಂದು ನನ್ನದೇ ದನದ ಕೊಟ್ಟಿಗೆಯದು. ಅದಕ್ಕೆ ಕಲ್ಲು ತರಿಸಿಯಾಗಿದೆ.